ವಜಾ ಆದಮೇಲೆ ಬನ್ನಿ

ಅಮಾನತಿನ ಆದೇಶ ನನ್ನ ಕೈಗೆ ಬಂದಾಗ ನಾನು ಎಂಟನೇ ತರಗತಿಗೆ ಆಮ್ಲ, ಕ್ಷಾರಗಳ ಪಾಠ ಮಾಡುತ್ತಿದ್ದೆ. ಜವಾನ ಬಾಗಿಲಲ್ಲಿ ನಿಂತು, ಹೆಡ್‌ಮಾಸ್ಟರು ಕರೆಯುತ್ತಿದ್ದಾರೆ ಎಂದ. ಪಾಠ ಮುಗಿಸಿ ಬರುತ್ತೇನೆ ಎಂದೆ. ಈಗಲೇ ಬರಬೇಕಂತೆ ಎಂದು ಅವನು ತಲೆ ತಗ್ಗಿಸಿದ. ಕೈಯ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೋದೆ. ಹೆಡ್‌ಮಾಸ್ಟರು ಕಾಗದವನ್ನು ನನ್ನ ಮುಂದೆ ಸರಿಸಿ ಕಿಟಕಿಯ ಕಡೆ ನೋಡುತ್ತ ಕುಳಿತರು. ವಿಚಾರಣೆ ಮುಗಿಯುವವರೆಗೆ ನನ್ನನ್ನು ಕೆಲಸದಿಂದ ಅಮಾನತಿನಲ್ಲಿ ಇಡಲಾಗಿದೆ ಎಂದು ಅದರಲ್ಲಿ ಬರೆದಿತ್ತು.

ನಡೆದದ್ದು ಇಷ್ಟು. ನಮ್ಮದು ದೇವನಹಳ್ಳಿ ತಾಲ್ಲೂಕಿನ ಒಂದು ಊರಿನ ಖಾಸಗಿ ಹೈಸ್ಕೂಲು. ಎಪ್ಪತ್ತರ ದಶಕದ ಮಧ್ಯದ ಮಾತು. ಶಾಲೆಗೆ ಜಾಗ ಕೊಟ್ಟವರೂ ಆಡಳಿತ ಮಂಡಳಿಯ ಅಧ್ಯಕ್ಷರೂ ಊರಿನ ದೊಡ್ಡ ಹಿಡುವಳಿದಾರರೇ. ಅವರಿಗೆ ಹಿಪ್ಪುನೇರಳೆ ತೋಟವಿತ್ತು, ಮನೆತುಂಬ ರೇಷ್ಮೆ ಸಾಕಣೆ. ಒಂದು ಬೆಳೆಗೆ ಹುಳು ಹೆಚ್ಚಾಗಿ ಮನೆಯಲ್ಲಿ ಜಾಗ ಸಾಲದೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ನಮ್ಮ ಪ್ರಯೋಗಶಾಲೆಗೆ ತಂದು ನಿಲ್ಲಿಸಿದರು. ಒಂದು ಬೆಳೆಯ ಮಟ್ಟಿಗೆ ಎಂದಿದ್ದರು. ಆಮೇಲೆ ಬಂದ ಪ್ರತಿ ಬೆಳೆಯೂ ಅಲ್ಲಿಗೇ ಬಂತು. ಸ್ಪಿರಿಟ್ ದೀಪ, ಗಾಜಿನ ಸಾಮಾನುಗಳನ್ನೆಲ್ಲ ಒಂದು ಮರದ ಪೆಟ್ಟಿಗೆಗೆ ತುಂಬಿ ಸ್ಟಾಫ್ ರೂಮಿನಲ್ಲಿ ಇಟ್ಟುಕೊಂಡೆ. ಹುಳುವಿಗೆ ರಾಸಾಯನಿಕದ ಗಾಳಿ ಆಗದು ಎಂದು ಆ ಕೋಣೆಯ ಹತ್ತಿರ ಪ್ರಯೋಗ ಮಾಡುವುದೂ ನಿಂತಿತು.

ಶಿಕ್ಷಣ ಇಲಾಖೆಯ ತನಿಖಾಧಿಕಾರಿ ಬಂದ ದಿನ, ಪ್ರಯೋಗಗಳನ್ನು ಎಲ್ಲಿ ಮಾಡಿಸುತ್ತೀರಿ ಎಂದು ಹೆಡ್‌ಮಾಸ್ಟರನ್ನು ಕೇಳಿದರು. ತರಗತಿಯಲ್ಲೇ ಎಂದರು ಅವರು. ಪ್ರಯೋಗಶಾಲೆ ಇದೆಯಲ್ಲ ಎಂದು ಅಧಿಕಾರಿ ನನ್ನ ಕಡೆ ತಿರುಗಿದರು. ಇದೆ ಎಂದು ಹೇಳಿ ಬಾಗಿಲು ತೆಗೆದೆ. ಒಳಗೆ ಸೂರಿನವರೆಗೂ ಚಂದ್ರಿಕೆಗಳು. ಅವರು ಬರೆದುಕೊಂಡು ಹೋದರು. ಕೋಣೆ ತೆರವಾಗದಿದ್ದರೆ ಮಾನ್ಯತೆ ಉಳಿಯುವುದಿಲ್ಲ ಎಂದು ಇಲಾಖೆಯಿಂದ ಕಾಗದ ಬಂತು. ಅದರ ಹಿಂದೆಯೇ ನನಗೆ ಈ ಆದೇಶ. ಸಂಸ್ಥೆಯ ಗೌರವಕ್ಕೆ ಧಕ್ಕೆ ತಂದದ್ದು, ಮೇಲಿನವರ ಮಾತು ಮೀರಿದ್ದು ನನ್ನ ಮೇಲಿನ ಆರೋಪಗಳು.

ಅಮಾನತು ಎಂದರೆ ಮನೆಯಲ್ಲಿ ಕೂರುವುದು ಎಂದುಕೊಂಡಿದ್ದೆ. ಹಾಗಲ್ಲ. ಆದೇಶದ ಕೊನೆಯಲ್ಲಿ ಎರಡು ಷರತ್ತುಗಳಿದ್ದವು. ಅನುಮತಿ ಇಲ್ಲದೆ ಊರು ಬಿಟ್ಟು ಹೋಗಬಾರದು. ದಿನವೂ ಶಾಲೆಗೆ ಬಂದು ಸಹಿ ಹಾಕಿ, ಕೊನೆಯ ಗಂಟೆಯವರೆಗೆ ಶಾಲೆಯಲ್ಲೇ ಇರಬೇಕು, ಆದರೆ ತರಗತಿಗೆ ಹೋಗಬಾರದು, ಮಕ್ಕಳೊಡನೆ ಮಾತಾಡಬಾರದು. ಸ್ಟಾಫ್ ರೂಮಿಗೂ ಹೋಗುವುದು ಬೇಡ ಎಂದು ಹೆಡ್‌ಮಾಸ್ಟರು ಬಾಯಲ್ಲಿ ಹೇಳಿದರು. ನನಗಾಗಿ ಜಗಲಿಯಲ್ಲಿ ಒಂದು ಬೆಂಚು ಹಾಕಿಸಿದರು.

ಆ ಬೆಂಚಿನ ಮೇಲೆ ಕುಳಿತರೆ ಎಂಟನೇ ತರಗತಿಯ ಪಾಠ ಪೂರ್ತಿ ಕೇಳಿಸುತ್ತಿತ್ತು. ನನ್ನ ಜಾಗಕ್ಕೆ ಯಾರೂ ಬಂದಿರಲಿಲ್ಲ. ಡ್ರಿಲ್ ಮೇಷ್ಟ್ರು ಪುಸ್ತಕದಿಂದ ಓದಿ ಬರೆಸುತ್ತಿದ್ದರು. ನೀಲಿ ಲಿಟ್ಮಸ್ ಆಮ್ಲದಲ್ಲಿ ಕೆಂಪಾಗುತ್ತದೆ ಎಂಬುದನ್ನು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದರು. ಆ ಕಾಗದದ ಪುಟ್ಟ ಕಟ್ಟು ನನ್ನ ಮರದ ಪೆಟ್ಟಿಗೆಯಲ್ಲೇ ಇತ್ತು. ಮೊದಮೊದಲು ನನ್ನ ಮುಂದೆ ಹಾದುಹೋಗುವಾಗ ಹುಡುಗಿಯರು ನಿಂತು ನಮಸ್ಕಾರ ಮಾಡುತ್ತಿದ್ದರು. ಅದಕ್ಕಾಗಿ ಒಬ್ಬಳನ್ನು ಬಿಸಿಲಲ್ಲಿ ನಿಲ್ಲಿಸಿದರು. ಆಮೇಲೆ ಅವರು ಬರುವುದು ಕಂಡರೆ ನಾನೇ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಓದಲು ಪುಸ್ತಕ ತಂದರೆ, ಕೆಲಸದ ವೇಳೆಯಲ್ಲಿ ಕಾದಂಬರಿ ಓದುತ್ತಾರೆ ಎಂದು ಅದನ್ನೂ ಬರೆದುಕೊಂಡಾರು ಎಂಬ ಅಂಜಿಕೆ. ಕೈಕಟ್ಟಿ ಕುಳಿತಿರುತ್ತಿದ್ದೆ. ಸುಮ್ಮನೆ ಕೂರುವುದರಿಂದ ಮೈಕೈ ಅಷ್ಟು ನೋಯುತ್ತದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ನನ್ನ ಗಂಡ ಬೀಜದ ಡಿಪೋದಲ್ಲಿ ಕೆಲಸದಲ್ಲಿದ್ದರು. ಭಾನುವಾರ ನಲ್ಲೂರಿನ ಅತ್ತೆಮನೆಗೆ ಹೋಗುವುದು ನಮ್ಮ ರೂಢಿ. ಷರತ್ತಿನ ಕಾರಣ ಅವರೊಬ್ಬರೇ ಹೋಗಿ ಬರತೊಡಗಿದರು. ಹಿಂತಿರುಗುವಾಗ ಅತ್ತೆ ಕಟ್ಟಿಕೊಟ್ಟ ಹುಣಸೆಹಣ್ಣೋ ಹುರಳಿಕಾಳೋ ತರುತ್ತಿದ್ದರು. ಜೈಲಿನಲ್ಲಿ ಇರುವವರಿಗೆ ಮನೆಯಿಂದ ಬುತ್ತಿ ತಂದಂತೆ ನನಗೆ ಅನ್ನಿಸುತ್ತಿತ್ತು. ಅವರಿಗೆ ಹೇಳಲಿಲ್ಲ.

ವಿಚಾರಣೆಗೆ ದೊಡ್ಡಬಳ್ಳಾಪುರದ ಒಬ್ಬ ನಿವೃತ್ತ ಹೆಡ್‌ಮಾಸ್ಟರನ್ನು ನೇಮಿಸಿದ್ದರು. ಅವರು ಬಸ್ಸಿಳಿದು ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಆಡಳಿತ ಮಂಡಳಿಯ ಸಾಕ್ಷಿ ಬಂದಿಲ್ಲವೆಂದು ಮುಂದಿನ ತಾರೀಕು ಕೊಟ್ಟು ಹೋಗುತ್ತಿದ್ದರು. ಸಾಕ್ಷಿ ಯಾರು ಎಂದರೆ ನಮ್ಮ ಹೆಡ್‌ಮಾಸ್ಟರೇ. ಪಕ್ಕದ ಕೋಣೆಯಲ್ಲೇ ಕುಳಿತಿರುತ್ತಿದ್ದರು.

ಹೀಗೆ ತಿಂಗಳುಗಳು ಕಳೆದವು. ಅಷ್ಟರಲ್ಲಿ ಖಾಸಗಿ ಶಾಲೆಗಳ ನೌಕರರಿಗೆಂದು ಹೊಸ ಕಾಯ್ದೆ ಜಾರಿಗೆ ಬಂತು. ಆಡಳಿತ ಮಂಡಳಿಯಿಂದ ಅನ್ಯಾಯವಾದವರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು, ಜಿಲ್ಲಾ ನ್ಯಾಯಾಧೀಶರೇ ಅದನ್ನು ಕೇಳುತ್ತಾರೆ ಎಂದು ನನ್ನವರು ಪತ್ರಿಕೆಯಲ್ಲಿ ಓದಿಕೊಂಡು ಬಂದರು. ಬೆಂಗಳೂರಿನಲ್ಲಿ ಅವರ ಊರಿನ ಕಡೆಯ ಒಬ್ಬ ಹಿರಿಯ ವಕೀಲರಿದ್ದರು. ನನ್ನವರೇ ಹೋಗಿ ಕಾಗದಗಳನ್ನು ತೋರಿಸಿದರು. ವಕೀಲರು ಸ್ವಲ್ಪ ಅನುಮಾನಿಸಿದರಂತೆ. ಇಷ್ಟು ಕಾಲ ಅಮಾನತಿನಲ್ಲಿ ಇಟ್ಟರೆ ಅದು ಕೆಲಸದಿಂದ ತೆಗೆದಂತೆಯೇ ಎಂದು ವಾದಿಸಿ ನೋಡೋಣ ಎಂದು ಮೇಲ್ಮನವಿ ಬರೆದರು. ನ್ಯಾಯಮಂಡಳಿಯ ನೋಟೀಸು ಇದ್ದುದರಿಂದ ಬೆಂಗಳೂರಿಗೆ ಹೋಗಲು ನನಗೆ ಅನುಮತಿ ಕೊಡಲೇಬೇಕಾಯಿತು. ಬಸ್ಸು ಊರಿನ ಕೆರೆ ಏರಿ ದಾಟಿದಾಗ ನನ್ನ ಎದೆ ಹಗುರವಾದದ್ದು ಈಗಲೂ ನೆನಪಿದೆ.

ನ್ಯಾಯಾಧೀಶರು ವಯಸ್ಸಾದವರು, ಮೆಲುದನಿಯವರು. ಆಡಳಿತ ಮಂಡಳಿಯ ವಕೀಲರು ಎದ್ದು, ಈ ಮೇಲ್ಮನವಿಯನ್ನು ಕೇಳುವ ಅಧಿಕಾರವೇ ನ್ಯಾಯಮಂಡಳಿಗೆ ಇಲ್ಲ ಎಂದರು. ನಮ್ಮ ವಕೀಲರು ತಮ್ಮ ವಾದ ಹೇಳಿದರು. ಎಲ್ಲ ಕೇಳಿದ ಮೇಲೆ ನ್ಯಾಯಾಧೀಶರು ಕಾಗದದಿಂದ ಕಣ್ಣೆತ್ತಿ ನನ್ನನ್ನೇ ಕೇಳಿದರು.

"ನಿಮ್ಮನ್ನ ವಜಾ ಮಾಡಿದಾರೇನಮ್ಮ?"

"ಇಲ್ಲ ಸ್ವಾಮಿ."

"ಕೆಲಸದಿಂದ ತೆಗೆದಿದಾರಾ? ದರ್ಜೆ ಇಳಿಸಿದಾರಾ?"

"ಇಲ್ಲ ಸ್ವಾಮಿ. ಜಗಲೀಲಿ ಕೂರಿಸಿದಾರೆ."

ಯಾರೋ ಹಿಂದೆ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ವಜಾ, ತೆಗೆದುಹಾಕುವುದು, ದರ್ಜೆ ಇಳಿಸುವುದು, ಈ ಮೂರರ ಮೇಲೆ ಮಾತ್ರ ತಾವು ಮೇಲ್ಮನವಿ ಕೇಳಬಹುದು, ಅಮಾನತು ಆ ಮೂರರಲ್ಲಿ ಯಾವುದೂ ಅಲ್ಲ ಎಂದು ನನಗೆ ಅರ್ಥವಾಗುವಂತೆ ವಿವರಿಸಿದರು. ಆಮೇಲೆ ಹೇಳಿದರು: "ನಿಮ್ಮ ಕಡೆ ನ್ಯಾಯ ಇದೆಯೋ ಇಲ್ಲವೋ, ಅದನ್ನ ನೋಡೋ ಅಧಿಕಾರವೇ ನನಗಿಲ್ಲ. ಇಲ್ಲದ ಅಧಿಕಾರ ತಗೊಂಡು ಒಳ್ಳೇದು ಮಾಡಿದ್ರೂ ಅದು ನಾಳೆ ನಿಲ್ಲೋದಿಲ್ಲ."

ಮೇಲ್ಮನವಿ ವಜಾ ಆಯಿತು. ನಾನು ಆಗಲಿಲ್ಲ. ಹೊರಗೆ ಬಂದು ಮರದ ಕೆಳಗೆ ನಿಂತಾಗ ವಕೀಲರು ಉಳಿದ ದಾರಿಗಳನ್ನು ಒಂದೊಂದಾಗಿ ಹೇಳಿದರು. ಸಿವಿಲ್ ದಾವೆ ಹಾಕಿದರೆ ವರ್ಷಗಟ್ಟಲೆ. ಹೈಕೋರ್ಟಿಗೆ ಹೋದರೆ ಖಾಸಗಿ ಸಂಸ್ಥೆಯ ವಿಷಯ ಎಂದು ಬಾಗಿಲಲ್ಲೇ ನಿಲ್ಲಿಸಬಹುದು. ಇಲಾಖೆಗೆ ಆಗಲೇ ಬರೆದಿದ್ದೆ. ಶಿಸ್ತಿನ ವಿಷಯ ಆಡಳಿತ ಮಂಡಳಿಗೆ ಬಿಟ್ಟದ್ದು ಎಂದು ಉತ್ತರ ಬಂದಿತ್ತು. ಹಾಗಾದರೆ ನಾನು ಏನು ಮಾಡಬೇಕು ಎಂದು ಕೇಳಿದೆ. ವಕೀಲರು ಕನ್ನಡಕ ಒರೆಸಿಕೊಂಡರು. "ಕಾಯಬೇಕಮ್ಮ. ಅವರು ವಜಾ ಮಾಡಿದ್ರೆ ಬನ್ನಿ" ಎಂದರು.

ಮರುದಿನ ಮತ್ತೆ ಸಹಿ ಹಾಕಿ ಬೆಂಚಿನ ಮೇಲೆ ಕುಳಿತೆ. ಆ ವಾರವೇ ಹೆಡ್‌ಮಾಸ್ಟರು ನನ್ನನ್ನು ಒಳಗೆ ಕರೆದು, ಎಂದೂ ಇಲ್ಲದ ಹಾಗೆ ಕುರ್ಚಿ ತೋರಿಸಿದರು. ಅವರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಾಗಿದ್ದರು, ಅಧ್ಯಕ್ಷರೆಂದರೆ ಹೆದರುತ್ತಿದ್ದರು, ಅಷ್ಟೇ.

"ರಾಜೀನಾಮೆ ಬರೆದುಕೊಟ್ಬಿಡಮ್ಮ" ಎಂದರು. "ಒಳ್ಳೇ ಸರ್ಟಿಫಿಕೇಟು ಕೊಡ್ತೀವಿ ಅಂತ ಅಧ್ಯಕ್ಷರೇ ಹೇಳಿದಾರೆ. ಬೇರೆ ಕಡೆ ಕೆಲಸ ಸಿಗುತ್ತೆ. ದಿನಾ ನೀನು ಇಲ್ಲಿ ಕೂತಿರೋದನ್ನ ನನಗೂ ನೋಡಕ್ಕಾಗ್ತಿಲ್ಲ."

ಕೊಟ್ಟೇಬಿಡೋಣ ಎಂದು ನನಗೂ ಅನ್ನಿಸಿತು. ಸಂಜೆ ನನ್ನವರಿಗೆ ಹೇಳಿದೆ. ಅವರು ನೀನು ಹೇಗೆ ಹೇಳಿದರೆ ಹಾಗೆ ಎಂದರು. ಒಂದು ಸಲ ವಕೀಲರನ್ನು ಕೇಳೋಣವೆಂದು ಕಾಗದ ಹಾಕಿದೆ. ಅವರ ಉತ್ತರ ಎರಡೇ ಸಾಲು: ರಾಜೀನಾಮೆ ನೀವೇ ಬಿಟ್ಟುಹೋದದ್ದು ಎಂದಾಗುತ್ತದೆ. ಅದರ ಮೇಲೆ ಎಂದೆಂದಿಗೂ ಮೇಲ್ಮನವಿ ಇಲ್ಲ. ಅಧ್ಯಕ್ಷರಿಗೆ ಬೇಕಾಗಿದ್ದದ್ದು ಅದೇ ಎಂದು ಆಗ ಹೊಳೆಯಿತು. ನನ್ನನ್ನು ವಜಾ ಮಾಡಿದರೆ ಚಂದ್ರಿಕೆಯ ಕಥೆ ನ್ಯಾಯಾಧೀಶರ ಮುಂದೆ ಬರುತ್ತಿತ್ತು. ಜಗಲಿಯಲ್ಲಿ ಕೂರಿಸಿದ್ದರೆ ಎಲ್ಲಿಗೂ ಬರುತ್ತಿರಲಿಲ್ಲ. ನಾನು ಸೋತು ಎದ್ದುಹೋಗುವವರೆಗೆ ಅವರು ಕಾಯಬಹುದಿತ್ತು. ಅವರಿಗೆ ಕೆಲಸವಿತ್ತು, ತೋಟವಿತ್ತು. ನನಗೆ ಬೆಂಚು.

ಬರೆದುಕೊಡುವುದಿಲ್ಲ ಎಂದು ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಕುರ್ಚಿಯನ್ನು ಮತ್ತೆ ತೋರಿಸಲಿಲ್ಲ.

ನನ್ನ ತಂಗಿಯನ್ನು ಶಿವಗಂಗೆಯ ಬುಡದ ಹಳ್ಳಿಗೆ ಕೊಟ್ಟಿದ್ದೆವು. ನಮ್ಮ ತಾಯಿ ಇರಲಿಲ್ಲ. ಅವಳಿಗೆ ಚೊಚ್ಚಲ ಹೆರಿಗೆ, ಬಾಣಂತನಕ್ಕೆ ನಾನೇ ಕರೆದುಕೊಂಡು ಬರಬೇಕಿತ್ತು. ಈ ಗೊಂದಲದಲ್ಲಿ ಕರೆಸಿಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಅವಳ ಗಂಡ ಬಂದು, ನೆಲಮಂಗಲದ ಆಸ್ಪತ್ರೆಗೆ ಸೇರಿಸಿದ್ದೇವೆ, ಡಾಕ್ಟರು ಕಷ್ಟ ಎನ್ನುತ್ತಿದ್ದಾರೆ, ಅವಳು ನಿಮ್ಮನ್ನೇ ಕೇಳುತ್ತಿದ್ದಾಳೆ ಎಂದ. ಅವನನ್ನು ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ ಅನುಮತಿಯ ಅರ್ಜಿ ಬರೆದೆ. ಅಧ್ಯಕ್ಷರ ಸಹಿ ಆಗಬೇಕು ಎಂದರು ಹೆಡ್‌ಮಾಸ್ಟರು. ಅಧ್ಯಕ್ಷರು ಗೂಡು ಮಾರಲು ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ. ನಾನು ಮಧ್ಯಾಹ್ನದ ಗಂಟೆಯವರೆಗೆ ಬೆಂಚಿನ ಮೇಲೆ ಕುಳಿತೆ. ಗೇಟಿನಾಚೆ ತಂಗಿಯ ಗಂಡ ಟವೆಲು ಹೆಗಲ ಮೇಲೆ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ. ಅವನು ಒಂದು ಸಲವೂ ಒಳಗೆ ಬಂದು ಅವಸರ ಮಾಡಲಿಲ್ಲ. ಅದನ್ನು ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ. ಎದ್ದು, ಅರ್ಜಿಯನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟು, ನಾನು ಹೊರಟಿದ್ದೇನೆ ಸಾರ್ ಎಂದು ಹೇಳಿ ಹೊರಟೆ.

ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸಿ ನೆಲಮಂಗಲ ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಮಗು ಆಗಲೇ ಹುಟ್ಟಿತ್ತು. ಹೆಣ್ಣುಮಗು. ತಂಗಿ ಸುಣ್ಣದ ಹಾಗೆ ಬಿಳುಚಿಕೊಂಡು ಮಲಗಿದ್ದಳು. ನನ್ನ ಕೈ ಹಿಡಿದುಕೊಂಡು ಮೊದಲು ಕೇಳಿದ್ದೇ ಅದನ್ನು.

"ಅಕ್ಕ, ಅವರು ಕಳಿಸಿಕೊಟ್ರಾ?"

"ಕೇಳ್ದೆ. ಏನೂ ಹೇಳ್ಲಿಲ್ಲ. ಬಂದ್ಬಿಟ್ಟೆ."

ಅವಳು ಕಣ್ಣು ಮುಚ್ಚಿ ಸ್ವಲ್ಪ ನಕ್ಕಳು. ಅವಳು ಎದ್ದು ಕೂತು ಗಂಜಿ ಕುಡಿಯುವವರೆಗೆ ಅಲ್ಲೇ ಇದ್ದೆ. ಅಲ್ಲಿ ಬಟ್ಟೆ ಒಗೆದೆ, ನೀರು ಕಾಯಿಸಿದೆ, ನರ್ಸುಗಳೊಡನೆ ವಾದ ಮಾಡಿದೆ. ಎಷ್ಟೋ ಕಾಲದ ಮೇಲೆ ಕೈಗೆ ಕೆಲಸ ಸಿಕ್ಕಿತ್ತು.

ಹಿಂತಿರುಗುವ ಬಸ್ಸಿನಲ್ಲಿ ನನ್ನ ನಿರ್ಧಾರ ಗಟ್ಟಿಯಾಯಿತು. ನಾನು ಗೆರೆ ದಾಟಿದ್ದೆ. ಅವರು ಹೆಚ್ಚೆಂದರೆ ಇನ್ನೊಂದು ಆರೋಪ ಬರೆಯುತ್ತಾರೆ. ಬರೆಯಲಿ. ಇಷ್ಟು ದಿನ ನಾನು ವಜಾ ಆಗದಂತೆ ಮೈಯೆಲ್ಲ ಕಣ್ಣಾಗಿ ಕುಳಿತಿದ್ದೆ. ನನ್ನ ಬಿಡುಗಡೆ ಇದ್ದದ್ದೇ ವಜಾದಲ್ಲಿ. ಅದು ತಾನಾಗಿ ಬರುವುದಿಲ್ಲ, ವಿಚಾರಣೆ ಮುಗಿದರೆ ಮಾತ್ರ ಬರುತ್ತದೆ. ವಿಚಾರಣೆ ಸಾಕ್ಷಿಗಾಗಿ ನಿಂತಿದೆ. ಸಾಕ್ಷಿಯೇ ಬೇಡ ಎಂದು ನಾನು ಹೇಳಿದರೆ?

ನಿರೀಕ್ಷಿಸಿದಂತೆ ಮೂರನೇ ಆರೋಪ ಬಂತು: ಅನುಮತಿ ಇಲ್ಲದೆ ಊರು ಬಿಟ್ಟದ್ದು. ಮುಂದಿನ ತಾರೀಕಿಗೆ ವಿಚಾರಣಾಧಿಕಾರಿ ಬಂದು, ಕಾಫಿ ಕುಡಿದು, ಸಾಕ್ಷಿ ಬಂದಿಲ್ಲ ಎಂದು ಬರೆಯಲು ಪೆನ್ನು ತೆಗೆದರು. ನಾನು ಎದ್ದು ನಿಂತೆ.

"ಸಾಕ್ಷಿ ಬೇಡ ಸಾರ್. ಬಾಗಿಲು ತೆಗೆದದ್ದು ನಾನೇ. ಅಧಿಕಾರಿಗೆ ಕೋಣೆ ತೋರಿಸಿದ್ದೂ ನಾನೇ. ಮೊನ್ನೆ ನೆಲಮಂಗಲಕ್ಕೆ ಹೋಗಿದ್ದೂ ನಿಜ. ನಡೆದದ್ದನ್ನ ಒಪ್ಕೊಳ್ತೀನಿ. ಅದು ತಪ್ಪು ಅಂತ ಒಪ್ಪಲ್ಲ. ಎರಡನ್ನೂ ಬರ್ಕೊಳಿ, ಸೈನ್ ಮಾಡ್ತೀನಿ."

ಅವರು ಪೆನ್ನು ಹಿಡಿದುಕೊಂಡೇ ನನ್ನನ್ನು ನೋಡಿದರು. "ಇದರ ಪರಿಣಾಮ ಗೊತ್ತೇನಮ್ಮ?"

"ಗೊತ್ತು ಸಾರ್."

ಬರೆದುಕೊಂಡರು. ನಾನು ಎರಡು ಸಲ ಓದಿ, 'ತಪ್ಪು ಎಂದು ಒಪ್ಪುವುದಿಲ್ಲ' ಎಂಬ ಸಾಲು ಬಿಟ್ಟುಹೋಗಿದ್ದನ್ನು ತೋರಿಸಿ, ಅದನ್ನೂ ಬರೆಸಿ ಸಹಿ ಹಾಕಿದೆ. ಅಲ್ಲಿಗೆ ವಿಚಾರಣೆ ಮುಗಿಯಿತು.

ವಕೀಲರಿಗೆ ತಿಳಿಸಿದಾಗ ಅವರಿಗೆ ಬಹಳ ಬೇಸರವಾಯಿತು. ಆರೋಪ ಸುಳ್ಳು ಎಂದು ವಾದಿಸುವ ಅವಕಾಶವನ್ನು ನೀವೇ ಕತ್ತರಿಸಿ ಹಾಕಿದಿರಿ, ತೀರ್ಪು ನಿಮ್ಮ ವಿರುದ್ಧ ಬಂದರೆ ಇನ್ನು ಯಾವ ಶಾಲೆಯಲ್ಲೂ ನಿಮಗೆ ಕೆಲಸವಿಲ್ಲ ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಆದೇಶಕ್ಕೆ ಕಾದ ಆ ವಾರಗಳಲ್ಲಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ವಜಾ ಮಾಡದೆ ಹೀಗೇ ಬಿಟ್ಟರೆ ಎಂಬುದು ಒಂದು ಭಯ. ವಜಾ ಮಾಡಿದರೆ ಎಂಬುದು ಇನ್ನೊಂದು. ನನ್ನ ಹೇಳಿಕೆಯ ವಿಷಯ ಊರಿಗೆ ಗೊತ್ತಾಗಿ, ತಪ್ಪೊಪ್ಪಿಕೊಂಡಳಂತೆ ಎಂದು ಜನ ಆಡಿಕೊಂಡರು. ಅಂಗಡಿಯಲ್ಲಿ ಒಬ್ಬಾಕೆ, ಆಗಲೇ ಒಪ್ಕೊಂಡಿದ್ರೆ ಇಷ್ಟೆಲ್ಲ ಆಗ್ತಿತ್ತಾ ಎಂದು ನನಗೇ ಬುದ್ಧಿ ಹೇಳಿದಳು.

ಊರಿನ ಕಣ್ಣಲ್ಲಿ ತಪ್ಪೊಪ್ಪಿದವಳನ್ನು ಇನ್ನೂ ಜಗಲಿಯಲ್ಲಿ ಕೂರಿಸಿದರೆ ಅಧ್ಯಕ್ಷರ ಮರ್ಯಾದೆಗೇ ಕುಂದು. ಕೊನೆಗೆ ಆದೇಶ ಬಂತು. ಜವಾನ ಮನೆಗೇ ತಂದುಕೊಟ್ಟ. 'ವಜಾ ಮಾಡಲಾಗಿದೆ' ಎಂಬ ಸಾಲು ಓದಿ ನಾನು ಒಲೆಯ ಮುಂದೆ ಕುಳಿತು ನಗತೊಡಗಿದೆ. ನನ್ನವರು ಗಾಬರಿಯಾಗಿ ಬಂದು ಕಾಗದ ತೆಗೆದುಕೊಂಡು ನೋಡಿದರು.

"ಕೆಲಸ ಹೋಯ್ತು ಅಂತ ಹೀಗೆ ನಗೋಳು ನೀನೊಬ್ಬಳೇ ಕಣೇ" ಎಂದರು. ಆಮೇಲೆ ಅವರಿಗೂ ನಗು ಬಂತು.

ಆ ನಗು ಬೆಂಗಳೂರು ಮುಟ್ಟುವವರೆಗೆ ಮಾತ್ರ. ವಕೀಲರು ಆದೇಶದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅಮಾನತು ಮಾಡಿದ ದಿನದಿಂದಲೇ ಜಾರಿಗೆ ಬರುವಂತೆ ನನ್ನನ್ನು ವಜಾ ಮಾಡಿದ್ದರು. ಆ ದಿನ ಹೊಸ ಕಾಯ್ದೆ ಇನ್ನೂ ಜಾರಿಯಾಗಿರಲಿಲ್ಲ. ಕಾಯ್ದೆ ಬರುವ ಮೊದಲೇ ಕೆಲಸ ಕಳೆದುಕೊಂಡವಳಿಗೆ ಆ ಕಾಯ್ದೆಯ ಕೆಳಗೆ ಮೇಲ್ಮನವಿ ಇಲ್ಲ ಎಂದು ಅವರು ವಾದಿಸುತ್ತಾರೆ ಎಂದರು ವಕೀಲರು. ಹಾಗೇ ಆಯಿತು. ಅದೇ ಕೋಣೆ, ಅದೇ ನ್ಯಾಯಾಧೀಶರು. ಎದುರು ವಕೀಲರು ಎದ್ದು ಮೊದಲು ಹೇಳಿದ್ದೇ, ಈ ಮೇಲ್ಮನವಿ ಕೇಳುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂದು. ಅಮಾನತಿನಲ್ಲಿದ್ದಾಗ, ಇನ್ನೂ ಕೆಲಸದಲ್ಲಿದ್ದಾಳೆ ಎಂದು ಬಾಗಿಲು ಮುಚ್ಚಿತ್ತು. ಈಗ, ಆ ದಿನದಿಂದಲೇ ಕೆಲಸದಲ್ಲಿರಲಿಲ್ಲ ಎಂದು ಮುಚ್ಚುತ್ತಿದ್ದರು.

ನ್ಯಾಯಾಧೀಶರು ಆದೇಶವನ್ನೂ ಆರೋಪಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಓದಿದರು. ಆಮೇಲೆ ಎದುರು ವಕೀಲರನ್ನು ಕೇಳಿದರು:

"ಆ ದಿನದಿಂದಲೇ ಈಕೆ ನಿಮ್ಮ ನೌಕರಿಯಲ್ಲಿಲ್ಲ ಅಂತೀರಿ. ಹಾಗಾದ್ರೆ ತಂಗಿ ಹೆರಿಗೆಗೆ ನೆಲಮಂಗಲಕ್ಕೆ ಹೋಗಕ್ಕೆ ನಿಮ್ಮ ಅನುಮತಿ ಯಾಕೆ ಬೇಕಿತ್ತು?"

ವಕೀಲರು ತಮ್ಮ ಕಡತ ತಿರುವಿ ನೋಡಿದರು. ಕಕ್ಷಿದಾರರನ್ನು ಕೇಳಿ ತಿಳಿಸುತ್ತೇನೆ ಎಂದರು. ನ್ಯಾಯಾಧೀಶರು ಅದನ್ನು ಹಾಗೇ ಬರೆಸಿದರು.

ವಾಯಿದೆಯ ಮೇಲೆ ವಾಯಿದೆಯಾಗಿ ಮತ್ತೊಂದು ವರ್ಷ ಉರುಳಿತು. ಕೊನೆಗೆ ತೀರ್ಪು ಓದಿದ ದಿನ ನಾನು ಗೋಡೆಗೆ ಆನಿಕೊಂಡು ನಿಂತಿದ್ದೆ. ವಜಾ ಹಿಂದಕ್ಕೆ ಓಡುವುದಿಲ್ಲ, ಆದೇಶ ಕೈಸೇರಿದ ದಿನದಿಂದಲೇ ಅದು ಲೆಕ್ಕ, ಆದ್ದರಿಂದ ಮೇಲ್ಮನವಿ ಕೇಳುವ ಅಧಿಕಾರ ತಮಗೆ ಇದೆ ಎಂದು ಮೊದಲು ಹೇಳಿದರು. ಅಷ್ಟಕ್ಕೇ ನನ್ನ ಕಣ್ಣು ತುಂಬಿ ಬಂತು. ಮುಂದಿನದು ಸರಿಯಾಗಿ ಕೇಳಿಸಲಿಲ್ಲ. ತನಿಖೆಗೆ ಬಂದ ಅಧಿಕಾರಿಗೆ ಶಾಲೆಯ ಕೋಣೆ ತೋರಿಸುವುದು ಶಿಕ್ಷಕಿಯ ದುರ್ನಡತೆ ಆಗುವುದಿಲ್ಲ, ಅನುಮತಿ ಕೇಳಿದವಳಿಗೆ ಉತ್ತರ ಕೊಡದೆ ಆಮೇಲೆ ಶಿಕ್ಷಿಸುವುದು ಸರಿಯಲ್ಲ, ವಜಾ ಆದೇಶ ರದ್ದು, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಹೇಳಿದರೆಂದು ವಕೀಲರು ಹೊರಗೆ ಬಂದಮೇಲೆ ವಿವರಿಸಿದರು. ನಡೆದದ್ದನ್ನು ನಾನು ಮುಚ್ಚಿಡದೆ ಒಪ್ಪಿದ್ದನ್ನೂ ಒಂದು ಸಾಲಿನಲ್ಲಿ ಬರೆದಿದ್ದರಂತೆ. "ನಾನಾಗಿದ್ರೆ ಒಪ್ಪಿಕೊಳ್ಳೋಕೆ ಬಿಡ್ತಿರಲಿಲ್ಲ" ಎಂದರು ವಕೀಲರು, ಸ್ವಲ್ಪ ಮುಜುಗರದಿಂದ.

ಆಡಳಿತ ಮಂಡಳಿ ಮೇಲಿನ ಕೋರ್ಟಿಗೆ ಹೋಯಿತು. ಅಲ್ಲಿ ತೀರ್ಪಿಗೆ ತಡೆ ಸಿಗಲಿಲ್ಲ. ಬೇಸಿಗೆ ರಜೆ ಕಳೆದು ಶಾಲೆ ತೆರೆದ ದಿನ ನಾನು ಗೇಟಿನೊಳಗೆ ಕಾಲಿಟ್ಟೆ. ಹೆಡ್‌ಮಾಸ್ಟರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರ ಕೋಣೆಯಲ್ಲಿ ಅಧ್ಯಕ್ಷರೇ ಕುಳಿತಿದ್ದರು. ಬನ್ನಿ ಮೇಡಂ, ಕೋರ್ಟಿನವರು ಹೇಳಿದಮೇಲೆ ಆಯಿತು ಎಂದಷ್ಟೇ ಹೇಳಿ ವೇಳಾಪಟ್ಟಿ ಕೊಟ್ಟರು. ಕ್ಷಮೆಯ ಮಾತು ಬರಲಿಲ್ಲ, ನಾನೂ ಕಾಯಲಿಲ್ಲ. ಮೊದಲನೇ ಪೀರಿಯಡ್ಡು ಎಂಟನೇ ತರಗತಿ.

ಅಂದು ನಾನು ಪಾಠ ಅರ್ಧಕ್ಕೆ ಬಿಟ್ಟುಹೋದಾಗ ಇದ್ದ ಮಕ್ಕಳೆಲ್ಲ ಮುಂದೆ ಹೋಗಿದ್ದರು. ಹಲವರು ಪರೀಕ್ಷೆ ಮುಗಿಸಿ ಶಾಲೆಯನ್ನೇ ಬಿಟ್ಟಿದ್ದರು. ಎದುರಿಗೆ ಕುಳಿತವರಲ್ಲಿ ಒಂದು ಮುಖವೂ ನನಗೆ ಗೊತ್ತಿರಲಿಲ್ಲ. ಹಾಜರಿ ಕರೆಯಲು ಬಾಯಿ ತೆರೆದರೆ ದನಿ ಒಡೆಯಿತು. ಇಡೀ ಕೋಣೆಗೆ ಕೇಳುವಂತೆ ಮಾತಾಡಿ ಅಷ್ಟು ಕಾಲವಾಗಿತ್ತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು.

"ಮಿಸ್, ನೀವು ಹೊಸಬರಾ?"

ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

"ಹೌದು" ಎಂದೆ. "ನಿನ್ನ ಹೆಸರೇನು? ಜೋರಾಗಿ ಹೇಳು."